ಗಿಡ್ಡ ಅಂಗಿಯ ಹುಳ

ವಳಸಂಗದ ದೀಪಾಲಿ ಚಳಿ ಹೆಚ್ಚೆಂದು ತಿಂಗಳೊಪ್ಪತ್ತು ಹೊಲದಲ್ಲಿನ ಜೇನುಪೆಟ್ಟಿಗೆಗಳ ಮುಚ್ಚಳ ತೆಗೆದಿರಲಿಲ್ಲ. ಅಂದು ತೆಗೆದು ನೋಡಿದಳು. ಮುಚ್ಚಳದ ಕೆಳಗಿನ ಗೋಣಿತಟ್ಟಿನ ಮೇಲೆ ಕಂದು ಬಣ್ಣದ ಪುಟ್ಟ ಹುಳಗಳು ಓಡಾಡುತ್ತಿದ್ದವು. ಎಂಟೂ ಪೆಟ್ಟಿಗೆಗಳದ್ದು ಅದೇ ಹಾಡು.

ಜೇನು ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಹಿಂದಿನ ವಾರವಷ್ಟೇ ಓದಿದ್ದಳು. ಆಫ್ರಿಕಾದ ಗೂಡುಹುಳ ಅಮೆರಿಕ, ಆಸ್ಟ್ರೇಲಿಯ ಸುತ್ತಿ ಬಂಗಾಳಕ್ಕೂ ಬಂದಿದೆಯಂತೆ. ಅದರ ಮರಿಗಳು ಮುಟ್ಟಿದ ಜೇನುತುಪ್ಪ ಹುಳಿತು ನಾರುತ್ತದೆ. ಬಲಿತ ಮರಿ ಮಣ್ಣಿಗಿಳಿದು, ರೆಕ್ಕೆ ಪಡೆದು, ಮೈಲುಗಟ್ಟಲೆ ಹಾರಿ ಬೇರೆ ಗೂಡು ಹುಡುಕುತ್ತದೆ. ಪಕ್ಕದ ಹೋಟಗಿಯವರೆಗೂ ಯಾರ್ಯಾರದೋ ಪೆಟ್ಟಿಗೆಗಳಿದ್ದವು. ತನ್ನಿಂದ ಅವು ಹಾಳಾಗಬಾರದೆಂದು ದೀಪಾಲಿ ಗಂಡನ ಗಾಡಿಯಿಂದ ಬಾಟಲಿಗೆ ಪೆಟ್ರೋಲ್ ಇಳಿಸಿದಳು. ಮೂರು ವರ್ಷ ಮಕ್ಕಳಂತೆ ಸಾಕಿದ್ದನ್ನು ಸುಡಬೇಕಿತ್ತು.

"ಸುಡೂದು ಸಂಜಿಗೂ ಸುಡಬಹುದು. ಮೊದಲ ಯಾರಿಗರ ತೋರಿಸ್ಕೊಂಡ ಬಾ," ಎಂದ ಗಂಡ ಯುವರಾಜ.

ಅಕ್ಕಲಕೋಟದಲ್ಲಿ ಬೀಜದಂಗಡಿ ಇಟ್ಟಿದ್ದ ಕೈಲಾಸ ಕೀಟಶಾಸ್ತ್ರ ಓದಿದವನು. ಅವಳು ಶೀಶೆಯಲ್ಲಿ ತಂದ ಹುಳವನ್ನು ಭೂತಗನ್ನಡಿಯ ಕೆಳಗಿಟ್ಟು ನಕ್ಕ.

"ಕಾಳಜಿ ಮಾಡಬ್ಯಾಡ್ರಿ ತಾಯಿ. ಆಫ್ರಿಕಾದ್ದು ಗಿಡ್ಡ ಅಂಗಿ ತೊಟ್ಟಂಗ ಇರತದ, ಮ್ಯಾಲಿನ ಚಿಪ್ಪು ಗಿಡ್ಡಾಗಿ ಹಿಂದಿನ ತುದಿ ಹೊರಗ ಕಾಣತದ. ಇದರ ಅಂಗಿ ಪೂರಾ ಅದ. ಇದು ಹಿಟ್ಟಿನ ಹುಳ. ಪೆಟ್ಟಿಗ್ಯಾಗ ಹಿಟ್ಟು ಯಾರ ಹಾಕ್ಯಾರ?"

ದೀಪಾಲಿ ಬಸ್ಸಿಳಿದವಳೇ ಹೊಲಕ್ಕೆ ಹೋಗಿ ಗೋಣಿತಟ್ಟು ಬಿಡಿಸಿದಳು. ಮಡಿಕೆಯಲ್ಲಿ ರೊಟ್ಟಿಯ ಪುಡಿ ಇತ್ತು. ಅದನ್ನು ಅಂಗೈಯಲ್ಲಿ ಹಿಡಿದು ಮನೆಗೆ ಬಂದಳು.

ಅತ್ತೆ ಸೋನಾಬಾಯಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಜೇನು ಬಂದಾಗಿನಿಂದ ಆಕೆ ಪೆಟ್ಟಿಗೆಯ ಕಡೆ ಹಾದವಳಲ್ಲ. 'ಕಡಿಯೂ ಹುಳಾ ಸಾಕೂ ಸೊಸಿ' ಎಂದು ಓಣಿಗೆಲ್ಲ ಹೇಳಿ ನಗುತ್ತಿದ್ದ ಬಾಯಿ ಅದು. ಪುಡಿ ನೋಡಿ ಆಕೆಯ ಮುಖ ಸಣ್ಣದಾಯಿತು.

"ಎಳ್ಳಮಾಸಿ ಹಬ್ಬದ ದಿನ ಅಡಗಿ ಒಯ್ದು ಹೊಲಕ್ಕೆಲ್ಲಾ ಚರಗಾ ಚೆಲ್ಲಿದ್ವಿ. ಭೂಮಿತಾಯಿಗಿ, ಇರವಿಗಿ, ಹಕ್ಕಿಗಿ, ಎಲ್ಲಾರಿಗೂ ಎಡಿ ಕೊಟ್ಟು ಜೇನಿಗಷ್ಟ ಬಿಟ್ರ ಹ್ಯಾಂಗ? ಅವೂ ನಮ್ಮ ಹೊಲದಾಗ ದುಡಿಯೂ ಜೀವಾ. ಮುಚ್ಚಳಾ ಎತ್ತಿ ಒಂದೊಂದ ತುಣುಕ ಸಜ್ಜಿರೊಟ್ಟಿ ಇಟ್ಟೆ." ಮತ್ತೆ ತೊಗರಿಗೆ ಕೈ ಹಾಕಿ, "ಎರಡ ಸಲ ಕಡದೂವು. ಯಾರಿಗೂ ಹೇಳಲಿಲ್ಲ," ಎಂದಳು.

ಬಯ್ಯಬೇಕೆಂದು ಬಂದಿದ್ದ ದೀಪಾಲಿ ಅಂಗೈಯ ಪುಡಿ ಝಾಡಿಸಿದಳು. ಪೆಟ್ರೋಲ್ ಗಾಡಿಗೆ ಮರಳಿತು. ಅವಳು ಮುಖಕ್ಕೆ ಕಟ್ಟುವ ತನ್ನ ಜಾಲರಿಯನ್ನು ತಂದು ಅತ್ತೆಯ ಕೈಗಿಟ್ಟಳು.

"ಏಳ್ರಿ ಅತ್ತಿ, ನೀವ ಇಟ್ಟದ್ದು ನೀವ ತೆಗೀಬೇಕು. ಮುಂದಿನ ವರ್ಷ ಪೆಟ್ಟಿಗಿ ಹೊರಗ ಚರಗಾ ಚೆಲ್ಲೂಣು, ಇಬ್ಬರೂ ಕೂಡಿ."