‘ಆಮೇಲೆ’ ಎಂಬ ಗುಂಡಿ

ಫ್ಯಾನು ನಿಧಾನವಾಯಿತು, ಇನ್ನೇನು ನಿಂತೇಬಿಡುತ್ತದೆ, ನಿಲ್ಲಲಿ — ಇಲ್ಲ, ಒಂದು ಸಲ ನರಳಿ ಮತ್ತೆ ತಿರುಗಿತು, ಕರೆಂಟು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು, ಯಾರನ್ನೂ ದೂರುವ ಹಾಗಿರಲಿಲ್ಲ, ದೇವರ ಚಿತ್ತ ಎಂದು ಕೈತೊಳೆದುಕೊಳ್ಳಬಹುದಿತ್ತು, ಆದರೆ ದಿನಕ್ಕೆ ಮೂರು ಸಲ ಊರಿಗೆಲ್ಲ ಕೈಕೊಡುವ ಕರೆಂಟು ಇವತ್ತೇ ಮಿಚೆಂಜನಿ ಬಡಾವಣೆಯ ಈ ಐದನೆಯ ಮಹಡಿಗೆ ಜಿಗಣೆಯ ಹಾಗೆ ಅಂಟಿಕೊಂಡಿದೆ, ರಯ್ಯಾಳ ಮುಂದಿನ ಪರದೆಯ ಮೇಲೆ ಹಸಿರು ಚುಕ್ಕೆಗಳು ಉರಿಯುತ್ತಲೇ ಇವೆ, ಒಂದೊಂದು ಚುಕ್ಕೆ ಒಂದೊಂದು ಫೋನು, ಒಂದೊಂದು ಫೋನಿನ ಹಿಂದೆ ಬಾವೋ ಮಣೆಗೆ ಕಣ್ಣು ನೆಟ್ಟ ಒಬ್ಬ ಮನುಷ್ಯ, ಟಾಂಗಾದಲ್ಲಿ, ಮೊಂಬಾಸಾದಲ್ಲಿ, ಇಲ್ಲೇ ಕೆಳಗಿನ ಅಂಗಡಿಯಲ್ಲಿ, ಕಡಲಾಚೆ ಪೆಂಬಾ ದ್ವೀಪದಲ್ಲಿ, ಎಲ್ಲರೂ ಅವಳು ಕಟ್ಟಿದ ಆಟವನ್ನೇ ಆಡುತ್ತಿದ್ದಾರೆ, ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ, ಅರವತ್ತನಾಲ್ಕು ಗಜ್ಜುಗದ ಬೀಜ, ಕಟ್ಟೆಯ ಮೇಲೆ ಮರದ ಮಣೆಯಲ್ಲಿ ಟಕಟಕ ಅನ್ನುತ್ತಿದ್ದದ್ದು ಈಗ ಗಾಜಿನೊಳಗೆ ಟಕಟಕ ಅನ್ನುತ್ತದೆ, ಅಷ್ಟೇ ವ್ಯತ್ಯಾಸ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗಿಗೆ ಇನ್ನು ನಲವತ್ತು ನಿಮಿಷ. ದಾರ್ ಎಸ್ ಸಲಾಮಿನಿಂದ ಮಸೂದ್ ಬೆಳಗಿನಿಂದ ನಾಲ್ಕು ಸಲ ಫೋನು ಮಾಡಿದ್ದಾನೆ, ಕಂಪನಿ ಅವನದು, ದುಡಿಮೆ ಅವಳದು, ಬಾಂಗು ಕೇಳೋದ್ರೊಳಗೆ ಮುಗಿಸು ರಯ್ಯಾ, ಆ ‘ಆಮೇಲೆ’ ಅನ್ನೋ ಗುಂಡಿ ಕಿತ್ತು ಬಿಸಾಕು, ಹೊಸ ಆವೃತ್ತಿ ಹಾಕ್ಕೊಂಡವರು ಒಳಗೆ, ಹಾಕ್ಕೊಳ್ದೇ ಇದ್ದವರು ಹೊರಗೆ, ಇದರಲ್ಲಿ ಯೋಚನೆ ಮಾಡೋದೇನಿದೆ? ಏನಿದೆ ಅಂದರೆ, ನಾನೂರ ಹದಿನೇಳು ಇದೆ. ಪರದೆಯ ಎಡಮೂಲೆಯಲ್ಲಿ, ಉಳಿದ ಚುಕ್ಕೆಗಳಿಗಿಂತ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ, ಆದರೆ ನಾಲ್ಕು ವರ್ಷದಿಂದ ಅವಳು ಬೆಳಿಗ್ಗೆ ಮುಖ ತೊಳೆಯುವ ಮೊದಲು ನೋಡುವುದು ಅದನ್ನೇ.

ನಾನೂರ ಹದಿನೇಳು ಫಾಕಿಯ ಫೋನು. ಫಾಕಿ ಅವಳ ಗಂಡನಾಗಿದ್ದವನು, ಪೆಂಬಾದ ಕೊಂಡೆ ಎಂಬ ಊರಿನಲ್ಲಿ ಅಕ್ಕನ ಮನೆಯ ಕಿಟಕಿಯ ಪಕ್ಕ ಮಲಗಿರುತ್ತಾನೆ, ಲವಂಗ ಕೀಳಲು ಹತ್ತಿದ ಮರದ ಕೊಂಬೆ ಮುರಿದು ಬಿದ್ದಾಗಿನಿಂದ ಸೊಂಟದ ಕೆಳಗೆ ಅವನದಲ್ಲ — ಲವಂಗದ ಮರವನ್ನು ನಂಬಬೇಡ ಅಂತ ಅವನೇ ಹೊಸಬರಿಗೆ ಹೇಳುತ್ತಿದ್ದ, ನಗುತ್ತಾ ಹೇಳುತ್ತಿದ್ದ, ಅದು ಕೈ ಹಿಡಿದ ಹಾಗೇ ಮಾಡಿ ಕೈಬಿಡತ್ತೆ ಕಣ್ರೋ — ಬೀಳುವ ಮೊದಲು ಕಟ್ಟೆಯ ಮೇಲೆ ಅವನ ಎದುರು ಕೂರಲು ಜನ ಹೆದರುತ್ತಿದ್ದರು, ಅವನ ಆಟಕ್ಕಲ್ಲ, ಬಾಯಿಗೆ, ನಿನ್ನ ಬೀಜ ಎಲ್ಲ ನಮ್ಮನೇಗೆ ಊಟಕ್ಕೆ ಬಂದಿವೆ ತಮ್ಮಾ, ಉಂಡ ಮೇಲೆ ಇಲ್ಲೇ ಮಲಗ್ತವಂತೆ, ನೀನು ಮನೇಗೆ ಹೋಗಿ ಹೆಂಡ್ತಿ ಹತ್ರ ಸಾಲ ಕೇಳು. ಬಿದ್ದ ಮೇಲೆ ಕಟ್ಟೆ ದೂರವಾಯಿತು, ನೂರು ಹೆಜ್ಜೆ ಅಷ್ಟೇ, ಮೊದಲ ವಾರ ಹೊತ್ತುಕೊಂಡು ಹೋದರು, ಎರಡನೆಯ ವಾರವೂ ಹೋದರು, ಮೂರನೆಯ ವಾರ ಯಾರಿಗೂ ಪುರುಸೊತ್ತಿರಲಿಲ್ಲ. ಆಗ ಅವಳು ಈ ಆಟ ಬರೆದಳು, ಮಸೂದನಿಗಲ್ಲ, ಟಾಂಗಾ ಮೊಂಬಾಸಾಗಳಿಗಲ್ಲ, ಅವನಿಗೆ, ಹಾಸಿಗೆಯ ಪಕ್ಕ ಕೂತು, ಅವನ ಕೈಯಲ್ಲಿ ತನ್ನದೇ ಫೋನು ಕೊಟ್ಟು, ಒಬ್ಬನ ಫೋನು ಸರ್ವರಿನ ಬಾಗಿಲಿಗೆ ಬಂದಾಗ ಏನಂತ ಕೂಗಬೇಕು ಅಂತ ಕೇಳಿದ್ದಕ್ಕೆ ಅವನು, ಹೋಡಿ ಅನ್ನಲಿ ಮಾರಾಯ್ತಿ, ಇನ್ನೇನನ್ನತ್ತೆ, ಊರಿನ ನಾಯಿಗೂ ಗೊತ್ತು ಬಾಗಿಲಲ್ಲಿ ನಿಂತು ಹೋಡಿ ಅನ್ನಬೇಕು ಅಂತ, ಒಳಗಿನವರು ಕರೀಬು ಅಂದಮೇಲೆ ಕಾಲಿಡಬೇಕು. ಹಾಗೇ ಬರೆದಳು. ಇವತ್ತಿಗೂ ಪರದೆಯ ಬಲಗಡೆ ಸಾಲು ಸಾಲಾಗಿ ಹರಿಯುವುದು ಅದೇ, ಹೋಡಿ, ಕರೀಬು, ಹೋಡಿ, ಕರೀಬು, ದಾರ್‌ನ ಹುಡುಗರು ನೋಡಿ ನಕ್ಕರು, ನಗಲಿ.

ತಪ್ಪು ಆದದ್ದೂ ಅಲ್ಲೇ, ಆ ಮರ್ಯಾದೆಯಲ್ಲೇ, ಯಾರಿಗೆ ಹೇಳುವುದು. ಹಳೆಯ ಆವೃತ್ತಿ ಹೆಸರು ಹೇಳಿದರೆ ನಂಬುತ್ತದೆ, ನಾನು ಇಂಥವಳು ಅಂದರೆ ಬಾ ತಾಯಿ ಅನ್ನುತ್ತದೆ, ಹೊಸದು ಹಾಗಲ್ಲ, ಮೊಹರು ತೋರಿಸು ಅನ್ನುತ್ತದೆ, ಆ ಮೊಹರು ಒತ್ತುವ ಶಕ್ತಿ ಆರೇಳು ವರ್ಷ ಹಳೆಯ ಫೋನುಗಳಿಗಿಲ್ಲ. ತಿಂಗಳ ಹಿಂದೆ ಮಸೂದ್ ಎಲ್ಲರಿಗೂ ಕಡ್ಡಾಯ ಮಾಡು ಅಂದಾಗ ಅವಳೇ ಎದ್ದು ನಿಂತು ವಾದಿಸಿದ್ದಳು, ಆ ಫೋನು ಅವರದು, ನಮ್ಮದಲ್ಲ, ಅಪ್‌ಡೇಟ್ ಅನ್ನೋದು ಬೇರೆಯವರ ಮನೆಗೆ ಹೋದ ಹಾಗೆ, ಹೊರಗೆ ನಿಂತು ಹೋಡಿ ಅನ್ನಬೇಕು, ಬೇಡ ಅಂದ್ರೆ ವಾಪಸ್ ಬರಬೇಕು, ‘ಈಗ’ ಅಂತ ಒಂದು ಗುಂಡಿ, ‘ಆಮೇಲೆ’ ಅಂತ ಒಂದು ಗುಂಡಿ, ಅಷ್ಟು ಮರ್ಯಾದೆ ಇಲ್ಲದಿದ್ರೆ ನಾವ್ಯಾಕೆ ಈ ಕಡಲತೀರದವರು ಅಂತ ಹೇಳ್ಕೋಬೇಕು. ಎಷ್ಟು ಚೆನ್ನಾಗಿ ಮಾತಾಡಿದಳು. ಮಸೂದ್ ತಲೆ ತಗ್ಗಿಸಿ ಆಯ್ತು ತಾಯಿ ಅಂದಿದ್ದ. ಅರ್ಧ ಜನ ‘ಆಮೇಲೆ’ ಒತ್ತಿದರು, ದಿನಾ ಒತ್ತಿದರು, ಹಲ್ಲುಜ್ಜಿದ ಹಾಗೆ ಒತ್ತಿದರು. ನಾಲ್ಕು ದಿನದ ಹಿಂದೆ ಯಾವನೋ ಒಬ್ಬ, ಯಾರೆಂದು ಇನ್ನೂ ಗೊತ್ತಿಲ್ಲ, ಆ ಹಳೆಯ ಬಾಗಿಲಿನಿಂದ ಒಳಗೆ ನುಗ್ಗಿ ಪೆಂಬಾದ ವೆತೆ ಊರಿನ ಕುರಾನ್ ಶಾಲೆಯ ಬಿ ರುಜುನಾಳ ಹೆಸರು ಹೇಳಿಕೊಂಡು ಗಂಡಸರ ಮಣೆಗಳ ಮುಂದೆ ಕೂತ, ಆಟ ಆಡಲಿಲ್ಲ, ಮಣೆಯ ಪಕ್ಕದ ಹರಟೆಯ ಜಾಗದಲ್ಲಿ ಹೊಲಸು ಬರೆದ, ಏನೇನು ಬರೆದನೆಂದು ರಯ್ಯಾ ಓದಿದ್ದಾಳೆ, ಒಮ್ಮೆ ಓದಿ ಎರಡನೆಯ ಸಲ ಓದಲಾಗಲಿಲ್ಲ. ಊರೆಲ್ಲ ಗೌರವದಿಂದ ‘ಬಿ’ ಎಂದು ಕರೆಯುವ ರುಜುನಾ ನಲವತ್ತು ವರ್ಷ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವಳು. ನಿನ್ನೆ ಅವಳ ತಮ್ಮ ಫೋನು ಮಾಡಿದ್ದ, ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ತಂಗೀ, ಅಕ್ಕ ಎರಡು ದಿನದಿಂದ ಊಟ ಮಾಡಿಲ್ಲ, ಶಾಲೆ ಬಾಗಿಲು ತೆಗ್ದಿಲ್ಲ, ಇವತ್ತು ಒಂದು ಮಗೂನೂ ಬರಲಿಲ್ಲ, ಅದು ಅವಳು ಬರೆದಿದ್ದಲ್ಲ ಅಂತ ನಿಮ್ಮ ಮಷೀನು ಊರಿಗೆ ಹೇಳತ್ತಾ? ಏನು ಹೇಳುತ್ತದೆ ಮಷೀನು. ಮಸೂದ್ ಮಾತ್ರ ಹೇಳಿದ, ಮೆತ್ತಗೆ, ಚುಚ್ಚಿದ್ದು ಗೊತ್ತಾಗದ ಹಾಗೆ, ಕಳ್ಳ ಹೋಡಿ ಅಂತ ಕೂಗಿ ಬರಲಿಲ್ಲ ನೋಡು ರಯ್ಯಾ.

ಇಪ್ಪತ್ತೆರಡು ನಿಮಿಷ. ಚಹಾ ಆರಿದೆ, ಅದರಲ್ಲಿ ಇರುವೆ ಬಿದ್ದಿದೆ, ಇರಲಿ. ಇವತ್ತು ಬೆಳಿಗ್ಗೆ ಮತ್ತೆ ಇಬ್ಬರು ಹೆಂಗಸರ ಹೆಸರಿನಲ್ಲಿ ಆ ಕಳ್ಳ ಬಂದಿದ್ದ, ಈಗಲೂ ಒಳಗೆ ಇರಬಹುದು, ಈ ಚುಕ್ಕೆಗಳಲ್ಲೇ ಒಂದಾಗಿರಬಹುದು, ಹಸಿರಾಗಿ, ಸಭ್ಯನಾಗಿ. ಹಾಗಾದರೆ ಮುಚ್ಚು. ಮುಚ್ಚಬೇಕು, ಗೊತ್ತು, ಇದನ್ನು ಮಗುವಿಗೂ ಹೇಳಿಕೊಡಬೇಕಿಲ್ಲ — ಆದರೆ ನಾನೂರ ಹದಿನೇಳೊಂದನ್ನು ಬಿಟ್ಟು? ಒಂದೇ ಸಾಲು, ಬೆರಳು ತಾನೇ ಬರೆದುಬಿಟ್ಟಿತು, ಈ ಸಂಖ್ಯೆಯ ಫೋನು ಬಂದರೆ ಮೊಹರು ಕೇಳಬೇಡ, ಯಾರಿಗೂ ಗೊತ್ತಾಗುವುದಿಲ್ಲ, ಮಸೂದನಿಗೆ ಅವಳು ಬರೆದದ್ದನ್ನು ಓದುವ ತಾಳ್ಮೆ ಎಲ್ಲಿದೆ. ಫಾಕಿಗೆ ಹೊಸ ಫೋನು ಕಳಿಸಬಹುದಲ್ಲ ಅಂದರೆ — ಕಳಿಸಿದ್ದಳು, ಹೋದ ರಂಜಾನಿನಲ್ಲಿ, ದೋಣಿಯಲ್ಲಿ, ಖರ್ಜೂರದ ಪೊಟ್ಟಣದ ಜೊತೆ, ಖರ್ಜೂರ ಉಳಿಸಿಕೊಂಡು ಫೋನು ವಾಪಸ್ ಕಳಿಸಿದ, ಡಬ್ಬದ ಅಂಟುಪಟ್ಟಿ ಕೂಡ ಕಿತ್ತಿರಲಿಲ್ಲ. ಅವನ ಅಕ್ಕ ಹೇಳಿ ಕಳಿಸಿದಳು, ಅವನಿಗೆ ಇರೋದು ಸಾಕಂತೆ. ಇರುವುದು ಅಂದರೆ ಅವಳು ಅವತ್ತು ಹಾಸಿಗೆಯ ಪಕ್ಕ ಕೊಟ್ಟದ್ದೇ, ಮೂಲೆ ಒಡೆದ ಹಳೆಯ ಫೋನು, ಸೊಳ್ಳೆಪರದೆಯ ಕೋಲಿಗೆ ದಾರ ಕಟ್ಟಿ ಮುಖದ ಮೇಲೆ ತೂಗುಬಿಟ್ಟಿದ್ದಾನಂತೆ. ಆ ಹಳೆಯ ಫೋನು ಕೈಗಿಟ್ಟ ಮೂರು ತಿಂಗಳಿಗೇ, ನಾಲ್ಕು ವರ್ಷದ ಹಿಂದೆ, ತಲಾಖಿನ ಚೀಟಿ ಬಂದಿತ್ತು, ಅವನ ಕೈಬರಹ, ಸೊಟ್ಟಗೆ, ಮಲಗಿಕೊಂಡೇ ಬರೆದದ್ದು, ನಿನಗಿನ್ನೂ ಮೂವತ್ತೂ ಆಗಿಲ್ಲ, ನಡೆಯೋರ ಜೊತೆ ನಡಿ. ಯಾರು ಕೇಳಿದ್ದರು ಅವನ ಉಪಕಾರವನ್ನು, ಯಾರು ಕೇಳಿದ್ದರು. ಅವತ್ತಿನಿಂದ ಅವರಿಬ್ಬರ ನಡುವೆ ಒಂದು ಮಾತಿಲ್ಲ, ಇರುವುದು ಈ ಚುಕ್ಕೆ, ಬೆಳಿಗ್ಗೆ ಹಸಿರಾದರೆ ಎದ್ದಿದ್ದಾನೆ, ಮಧ್ಯಾಹ್ನ ಆರಿದರೆ ಅಕ್ಕ ಮೈ ಒರೆಸುತ್ತಿದ್ದಾಳೆ, ಹೋದ ವರ್ಷ ಐದು ದಿನ ಹಸಿರಾಗಲೇ ಇಲ್ಲ, ಜ್ವರವಂತೆ, ಆ ಐದು ದಿನ ಅವಳು ಹೇಗಿದ್ದಳು ಎಂದು ಅವಳಿಗೇ ನೆನಪಿಲ್ಲ. ಅವನಿಗೆ ಇದು ಯಾವುದೂ ಗೊತ್ತಿಲ್ಲ. ಪ್ರೀತಿ ಅಂತ ಇದಕ್ಕೆ ಹೆಸರಿಡಲು ಅವಳಿಗೆ ನಾಚಿಕೆ, ಆದರೆ ಅದೇ. ಬರೆದ ಸಾಲನ್ನು ಮತ್ತೆ ಓದಿದಳು. ಒಂದು ಹಳೆಯ ಬಾಗಿಲು ತೆರೆದಿದ್ದರೆ ಸಾಕು, ನಾಳೆ ಆ ಕಳ್ಳ ಫಾಕಿಯ ಹೆಸರು ಹೇಳಿಕೊಂಡೇ ಬರುತ್ತಾನೆ, ಎದ್ದು ಹೋಗಿ ಕಟ್ಟೆಯಲ್ಲಿ ನಿಂತು ಅದು ನಾನಲ್ಲ ಅನ್ನಲು ಫಾಕಿಗೆ ಕಾಲಿದೆಯೇ. ಅಳಿಸಿದಳು. ಒಂದೊಂದೇ ಅಕ್ಷರ ಅಳಿಸಿದಳು, ಎಲ್ಲ ಒಟ್ಟಿಗೆ ಅಳಿಸಲು ಕೈ ಬರಲಿಲ್ಲ.

ಒಂಬತ್ತು ನಿಮಿಷ. ಮುಚ್ಚಿದ ಬಾಗಿಲಿನ ಮೇಲೆ ಏನೋ ಒಂದು ಬರೆಯಬೇಕು, ಮಸೂದ್ ಕಳಿಸಿದ ಮಾತು ಹೀಗಿದೆ, ನಿಮ್ಮ ಫೋನು ಹಳೆಯದಾಗಿದೆ, ಈ ಆಟಕ್ಕೆ ಯೋಗ್ಯವಲ್ಲ. ಯೋಗ್ಯವಲ್ಲ ಅಂತೆ, ಇವನ ಬಾಯಿಗೆ ಹುಳ ಬೀಳ. ಕಳ್ಳರು ಬಂದಿದ್ದರಿಂದ ಬಾಗಿಲು ಮುಚ್ಚಿದ್ದೇವೆ, ತಪ್ಪು ನಮ್ಮದು, ನಿಮ್ಮದಲ್ಲ — ಹೀಗೆ ಬರೆದು, ಅದರ ಕೆಳಗೆ, ಫೋನು ಮಾಡಿ ಎಂದು ತನ್ನ ಸ್ವಂತ ನಂಬರು ಹಾಕಿದಳು, ನೂರಾರು ಜನರ ಬೈಗುಳ ಕೇಳಬೇಕಾಗುತ್ತದೆ, ಕೇಳುತ್ತೇನೆ, ನೂರಾರು ಜನರಲ್ಲಿ ಒಬ್ಬ ಅವನು. ಮಣೆ ತೆರೆದು ನೋಡಿದಳು, ನೋಡಬಾರದಿತ್ತು, ಫಾಕಿ ಮೊಂಬಾಸಾದವನೊಬ್ಬನ ಜೊತೆ ಆಡುತ್ತಿದ್ದಾನೆ, ಅವನ ಕೈಯ ಬೀಜ ಒಂದೊಂದೇ ಗುಳಿಗೆ ಬೀಳುತ್ತಾ ಕೊನೆಯದು ಚೌಕ ಗುಳಿಯಲ್ಲಿ ಬಂದು ನಿಂತಿದೆ, ಆ ಗುಳಿಗೆ ಮನೆ ಅಂತಲೇ ಹೆಸರು, ಅಲ್ಲಿ ಮುಗಿದರೆ ಆಟಗಾರ ನಿಂತು ಮನೆ ಉಳಿಸಿಕೊಳ್ಳಬಹುದು, ಅಥವಾ ಮನೆಯನ್ನೇ ಬಾಚಿ ಬರಿದು ಮಾಡಿ ಹೊರಡಬಹುದು. ಬುದ್ಧಿವಂತರು ನಿಲ್ಲುತ್ತಾರೆ. ನಿಲ್ಲು, ಫಾಕಿ, ಒಂದು ಸಲವಾದರೂ — ಅಷ್ಟರಲ್ಲಿ ಕೆಳಗಿನ ಮಸೀದಿಯ ಮೈಕು ಕರಕರ ಅಂದಿತು, ಮುಅಜ್ಜಿನ್ ಕೆಮ್ಮಿದ, ಫೋನಿನಲ್ಲಿ ಮಸೂದನ ಹೆಸರು ಹೊಳೆಯುತ್ತಿದೆ, ಟಾಂಗಾದಿಂದ ಯಾವುದೋ ಹೆಂಗಸಿನ ಹೆಸರಿನ ಚುಕ್ಕೆ ಈಗಷ್ಟೇ ಹಸಿರಾಯಿತು, ಅವಳೋ ಆ ಕಳ್ಳನೋ, ಹೇಗೆ ತಿಳಿಯುವುದು, ಪರದೆಯ ಮೇಲೆ ಫಾಕಿ ಮನೆಯನ್ನು ಬಾಚಿ ಕೈಗೆತ್ತಿಕೊಂಡ, ಎಂದಿನ ಹಾಗೆ, ಒಂದೂ ಉಳಿಸದೆ, ಬೀಜ ಇನ್ನೂ ಬೀಳುತ್ತಲೇ ಇವೆ, ಗೆಲ್ಲುತ್ತಾನೆ, ಇನ್ನು ನಾಲ್ಕು ಗುಳಿ, ಮೂರು — ಅವಳು ಒತ್ತಿದಳು.

ಚುಕ್ಕೆಗಳೆಲ್ಲ ಒಟ್ಟಿಗೆ ಆರಿದವು, ಪರದೆ ಕಪ್ಪಾಯಿತು, ಬಾಂಗು ಮಾತ್ರ ಕೇಳುತ್ತಿತ್ತು. ಆಮೇಲೆ ಒಂದು, ಹತ್ತು, ಐವತ್ತು, ಹೊಸದು ಹಾಕಿಕೊಂಡವರು ಬರತೊಡಗಿದರು, ಹೋಡಿ, ಕರೀಬು, ಹೋಡಿ, ಕರೀಬು, ಟಾಂಗಾದ ಆ ಚುಕ್ಕೆ ಬರಲಿಲ್ಲ, ಬಿ ರುಜುನಾಳ ಹೆಸರಿನಲ್ಲಿ ಇನ್ನು ಬಿ ರುಜುನಾ ಮಾತ್ರ ಬರಬಹುದು, ಒಳ್ಳೆಯದಾಯಿತು, ಒಳ್ಳೆಯ ಕೆಲಸ ಮಾಡಿದೆ ರಯ್ಯಾ, ಎಂದು ತಾನೇ ಹೇಳಿಕೊಂಡಳು. ಮುಚ್ಚಿದ ಬಾಗಿಲುಗಳ ಪಟ್ಟಿ ಬೇರೆ ಕಡೆ ಹರಿಯುತ್ತದೆ, ಕೆಂಪಿನಲ್ಲಿ. ನಾನೂರ ಹದಿನೇಳು: ಹೋಡಿ. ನೋಡಬೇಡ. ನಾನೂರ ಹದಿನೇಳು: ಹೋಡಿ. ಮೂರು ಸಲ ಕೂಗುವ ಹಾಗೆ ಬರೆದಿದ್ದಾಳೆ, ಪದ್ಧತಿ ಇರುವುದೇ ಹಾಗೆ, ಮೂರು ಸಲ ಕೂಗಿ ಒಳಗಿನಿಂದ ಕರೀಬು ಬರದಿದ್ದರೆ ಮಾತಿಲ್ಲದೆ ತಿರುಗಿ ಹೋಗಬೇಕು, ನಾಲ್ಕನೆಯದು ಕೂಗುವವನು ಮಾನಗೇಡಿ. ನಾನೂರ ಹದಿನೇಳು: ಹೋಡಿ. ಮೂರು. ಮುಗಿಯಿತು. ಚೀಟಿ ಬಂದ ಮಾರನೆಯ ದಿನ ಅವಳೂ ಹೀಗೇ ಕೊಂಡೆಯಲ್ಲಿ ಅವನ ಅಕ್ಕನ ಬಾಗಿಲಲ್ಲಿ ನಿಂತಿದ್ದಳು, ಅಕ್ಕ ಬಾವಿಗೆ ಹೋಗಿದ್ದಳು, ಒಳಗೆ ಅವನೊಬ್ಬನೇ ಇದ್ದ, ಹೋಡಿ ಅಂದಳು, ಹೋಡಿ ಅಂದಳು, ಎರಡನೆಯದಕ್ಕೆ ಮಂಚ ಕಿರುಗುಟ್ಟಿದ್ದು ಕೇಳಿಸಿತು, ಮೂರನೆಯದಕ್ಕೆ ಏನೂ ಕೇಳಿಸಲಿಲ್ಲ, ಉಸಿರು ಹಿಡಿದಿದ್ದ, ಅವಳು ಮರ್ಯಾದಸ್ಥೆ, ತಿರುಗಿ ನಡೆದು ಸಂಜೆಯ ದೋಣಿ ಹಿಡಿದಳು, ಮೂರು ಸಲ ಕರೆದೆ, ಇನ್ನೇನು ಮಾಡಲಿ ಎಂದು ಅವ್ವನಿಗೆ ಹೇಳಿದಳು, ಗೆಳತಿಯರಿಗೆ ಹೇಳಿದಳು, ನಾಲ್ಕು ವರ್ಷ ತನಗೇ ಹೇಳಿಕೊಂಡಳು. ನಾನೂರ ಹದಿನೇಳು: ಹೋಡಿ. ಅವಳು ಕುರ್ಚಿಯಲ್ಲಿ ನೆಟ್ಟಗಾದಳು. ನಾಲ್ಕನೆಯದು ಫೋನು ತಾನಾಗಿ ಕೂಗುವುದಿಲ್ಲ, ಮೂರಾದ ಮೇಲೆ ಅದು ಸುಮ್ಮನಾಗುತ್ತದೆ, ನಾಲ್ಕನೆಯದಕ್ಕೆ ಬೆರಳು ಬೇಕು, ಮಲಗಿದಲ್ಲಿಂದ ಕೈಯೆತ್ತಿ ದಾರಕ್ಕೆ ತೂಗುವ ಫೋನನ್ನು ಹಿಡಿದು ಒತ್ತಬೇಕು, ಅವಳ ನಂಬರು ಅವನ ಕಣ್ಣೆದುರೇ ಇದೆ, ಕರೆ ಮಾಡಬಹುದು, ಮಾಡುವುದಿಲ್ಲ, ಮೇಜಿನ ಮೇಲೆ ಅವಳ ಫೋನು ಸುಮ್ಮನೆ ಬಿದ್ದಿದೆ, ಬಾಂಗು ಮುಗಿದಿದೆ, ಜನ ನಮಾಜಿಗೆ ಸಾಲಾಗಿ ನಿಂತಿರಬೇಕು. ನಾನೂರ ಹದಿನೇಳು: ಹೋಡಿ. ತೆರೆಯುವ ಹಾಗಿಲ್ಲ. ನಾನೂರ ಹದಿನೇಳು: ಹೋಡಿ. ಕರೀಬು, ಎಂದಳು ಅವಳು, ಬಾಯಿಬಿಟ್ಟು, ಗಟ್ಟಿಯಾಗಿ, ಯಾರೂ ಇಲ್ಲದ ಕೋಣೆಯಲ್ಲಿ, ಪರದೆಗೆ ಕಿವಿಯಿಲ್ಲ, ನಾನೂರ ಹದಿನೇಳು: ಹೋಡಿ.