ಮೂರನೇ ಗೇಟಿನ ಅಭಿಪ್ರಾಯ

“ಲೈನಲ್ಲೇ ಇರಿ, ನಿಮ್ಮ ಮುಂದೆ ಇನ್ನೊಬ್ಬರಿದ್ದಾರೆ” ಎಂದಳು ರೇಡಿಯೋ ಹುಡುಗಿ.

ಲಿಫ್ಟ್ ಮೆಕ್ಯಾನಿಕ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಗ್ರೀಸು ಮೆತ್ತಿದ ಕೈಗಳನ್ನು ಬಟ್ಟೆಯ ಚೂರಿಗೆ ಒರೆಸಿಕೊಂಡ. ಒಂಬತ್ತು ಮಹಡಿಯ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆ ಅದು. ಕೆಳಗೆ ಯಾರೋ ಲಿಫ್ಟಿನ ಬಾಗಿಲು ಬಡಿಯುತ್ತಿದ್ದರು. ಬಡಿದುಕೊಳ್ಳಲಿ. ಭಾನುವಾರ ಬೆಳಗಿನ ಈ ಅರ್ಧ ಗಂಟೆ ಅವನದು. ಹಿಂದಿನ ದಿನದ ಫುಟ್‌ಬಾಲ್ ಪಂದ್ಯದ ಬಗ್ಗೆ ಅಭಿಮಾನಿಗಳು ಫೋನ್ ಮಾಡಿ ಹೊಟ್ಟೆಯೊಳಗಿನದ್ದನ್ನೆಲ್ಲ ಕಕ್ಕುವ ಕಾರ್ಯಕ್ರಮದಲ್ಲಿ ಅವನು ಹಳೆಯ ಹುಲಿ. ಕೇಳುಗರಿಗೆ ಅವನ ಹೆಸರು ಗೊತ್ತಿಲ್ಲ. ಮೈದಾನದಲ್ಲಿ ಅವನು ಕೂರುವ ಜಾಗದ ಹೆಸರಿನಿಂದ ‘ಮೂರನೇ ಗೇಟು’ ಎಂದರೆ ಸಾಕು, ಆಟೋದವರೂ ವಾಲ್ಯೂಮ್ ಏರಿಸುತ್ತಿದ್ದರು.

ಹೊಸ ಋತುವಿನ ಐದು ಪಂದ್ಯ ಮುಗಿದಿತ್ತು. ಕ್ಲಬ್ಬು ನಾಲ್ಕು ಸೋತು ಒಂದನ್ನು ಡ್ರಾ ಮಾಡಿಕೊಂಡಿತ್ತು. ಅವನ ಬಳಿ ಕಾರಣಗಳು ತಯಾರಿದ್ದವು: ಕೋಚ್ ರಕ್ಷಣೆಗೆ ಮೂವರನ್ನೇ ನಿಲ್ಲಿಸುತ್ತಾನೆ, ಎಡಗಡೆ ಓಡುವವನಿಗೆ ಉಸಿರೇ ಇಲ್ಲ, ಗೋಲ್‌ಕೀಪರ್ ಬಾಯಿ ಬಿಟ್ಟು ಕೂಗುವುದಿಲ್ಲ. ಆದರೆ ಅವನ ಮುಂದಿದ್ದ ಪುಣ್ಯಾತ್ಮ ಆ ಮೂರನ್ನೂ ಅದೇ ಕ್ರಮದಲ್ಲಿ ಹೇಳಿ ಮುಗಿಸಿಬಿಟ್ಟ.

“ಈಗ ನಮ್ಮ ಜೊತೆ ಮೂರನೇ ಗೇಟು! ಹೇಳಿ ಸಾರ್, ತಪ್ಪು ಯಾರದು? ಕೋಚಿಂದಾ, ಕೀಪರಿಂದಾ?”

ಕೈಯಲ್ಲಿದ್ದ ಬಟ್ಟೆಯ ಚೂರನ್ನು ಪಕ್ಕಕ್ಕೆಸೆದ. ಆಮೇಲೆ ಅವನಿಗೇ ಖುಷಿಯಾಗುವಂಥ ಮಾತು ಹೊರಬಂತು.

“ಕಾಲಿನ ವಿಷಯ ಎಲ್ಲರೂ ಮಾತಾಡ್ತಾರೆ ಮೇಡಂ. ಕಾಲಿನ ಕೆಳಗೇನಿದೆ ಅಂತ ಯಾರಾದ್ರೂ ನೋಡಿದ್ರಾ? ನಿನ್ನೆ ನಮ್ಮ ಡಿಫೆಂಡರ್ ಗೋಲಿನ ಮುಂದೆ ತಿರುಗಿದ. ಹುಲ್ಲು ಚಾಪೆ ಥರ ಕಿತ್ತು ಬಂತು, ಅವನು ಅಂಗಾತ ಬಿದ್ದ, ಗೋಲಾಯ್ತು. ಯಾಕೆ? ಈ ಸಲ ಬೀಜ ಬಿತ್ತಿದ್ದೇ ಹತ್ತು ದಿನ ತಡ. ಮೇಲೆ ಹಸಿರು, ಕೆಳಗೆ ಬೇರಿಲ್ಲ. ನೋಡ್ಕೊಳ್ಳೋರು ನೋಡ್ಕೊಂಡಿಲ್ಲ!”

“ಅಬ್ಬಾ! ಇದು ಒಳಗಿನ ಸುದ್ದಿ ಅಲ್ವಾ ಸಾರ್?”

“ಒಳಗಿನ ಸುದ್ದಿಯೇ ಅಂತಿಟ್ಕೊಳ್ಳಿ” ಎಂದು ನಕ್ಕ.

ಫೋನ್ ಇಟ್ಟ ಮೇಲೆ ಮೋಟಾರು ಚಾಲೂ ಮಾಡಿದ. ಹಗ್ಗಗಳು ಸರಾಗವಾಗಿ ಓಡತೊಡಗಿದವು. ಆಗ ಮಾತ್ರ, ಆ ಸುದ್ದಿ ತನಗೆ ಎಲ್ಲಿ ಸಿಕ್ಕಿದ್ದೆಂಬುದು ನೆನಪಾಯಿತು. ಮೈದಾನದ ಹುಲ್ಲನ್ನು ಮೂವತ್ತು ವರ್ಷದಿಂದ ಬೆಳೆಸುತ್ತಿದ್ದವರು ಅವನ ಮಾವ. ಹೆಂಡತಿಯ ಅಪ್ಪ. ಒಂದು ತಿಂಗಳ ಹಿಂದೆ, ಇವನ ಮನೆಯಲ್ಲೇ ಊಟಕ್ಕೆ ಕೂತಾಗ, ಮೇಜಿನ ಹಾಸನ್ನು ಎರಡು ಬೆರಳಲ್ಲಿ ಎಳೆದು ತೋರಿಸುತ್ತ ಹೇಳಿದ್ದರು: “ಹೀಗೆ ಎದ್ದು ಬರುತ್ತೆ, ನೋಡಿ. ಬಿತ್ತಿದ್ದು ಹತ್ತು ದಿನ ತಡ, ಬೇರಿಳಿಯೋಕೆ ಇನ್ನೊಂದಿಷ್ಟು ದಿನ ಬೇಕು. ಹೊರಗೆಲ್ಲೂ ಆಡ್ಬೇಡಿ ಅಳಿಯಂದಿರೇ, ನಾಚಿಕೆ ಆಗುತ್ತೆ.”

ಹೆಸರೇನೂ ಹೇಳಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೆಳಗಿಳಿದಾಗ ಕಟ್ಟಡದ ಕಾವಲುಗಾರ ಕೈ ಎತ್ತಿ, “ಸರಿಯಾಗಿ ಕೊಟ್ರಿ ಅಣ್ಣಾ! ಹುಲ್ಲು ಕಾಯೋಕೆ ಸಂಬಳ ತಗೊಂಡು ನಿದ್ದೆ ಹೊಡೀತಾರೆ” ಎಂದ. ಮೆಕ್ಯಾನಿಕ್ ಹಲ್ಲು ಕಿರಿದು ಸ್ಕೂಟರ್ ಹತ್ತಿದ.

ಮನೆಯಲ್ಲಿ ಹೆಂಡತಿ ಮಗುವಿನ ಬಟ್ಟೆಗಳನ್ನು ಮಡಚುತ್ತಿದ್ದಳು. ಭಾನುವಾರ ಅವಳೂ ರೇಡಿಯೋ ಹಾಕುತ್ತಾಳೆ. ಅವನ ದನಿ ಬಂದಾಗ ಪಕ್ಕದ ಮನೆಯವರಿಗೂ ಕೇಳಲೆಂದು ಕಿಟಕಿ ತೆರೆಯುವುದು ಅವಳ ಅಭ್ಯಾಸ. ಈಗ ಕಿಟಕಿ ಮುಚ್ಚಿತ್ತು.

“ಕೇಳಿದ್ಯಾ?” ಎಂದ.

“ಕೇಳಿದೆ.” ಅವಳು ಪುಟ್ಟದೊಂದು ಅಂಗಿಯ ತೋಳುಗಳನ್ನು ಒಳಗೆ ಮಡಚಿದಳು. “ಹತ್ತು ದಿನ ತಡ ಅಂತ ಹೇಳಿದ್ರಿ. ಯಾಕೆ ತಡ ಆಯ್ತು ಅಂತ ಯಾಕೆ ಹೇಳ್ಲಿಲ್ಲ?”

“ನಂಗೇನು ಗೊತ್ತು? ಏನೋ ಮೈದಾನಕ್ಕೆ ಹಾಕೋ ಮರಳು ಬರೋದು ತಡ ಆಗಿರ್ಬೇಕು.”

ಅವಳು ಅವನ ಮುಖವನ್ನೇ ನೋಡಿದಳು. ತಮಾಷೆಯೋ ನಿಜವೋ ಎಂದು ಅಳೆಯುವಂತೆ.

“ನಿಜವಾಗ್ಲೂ ಗೊತ್ತಿಲ್ವಾ ನಿಮ್ಗೆ? ನಾನು ಆಸ್ಪತ್ರೇಲಿದ್ದೆ ರೀ. ದಿನ ತುಂಬೋಕೆ ಮುಂಚೆ ಹೆರಿಗೆ ನೋವು ಬಂತು, ರಕ್ತ ನಿಲ್ಲಲಿಲ್ಲ. ಅಮ್ಮ ಬದುಕಿದ್ದಿದ್ರೆ ಅಮ್ಮ ಇರ್ತಿದ್ಲು. ಇಲ್ಲ. ಅಪ್ಪ ಬೀಜದ ಮೂಟೆ ಷೆಡ್ಡಲ್ಲಿ ಹಾಗೇ ಬಿಟ್ಟು ಬಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಲಗಿದ್ರು. ನೀವೆಲ್ಲಿದ್ರಿ?”

ಅವನಿಗೆ ಗೊತ್ತಿತ್ತು ಎಲ್ಲಿದ್ದನೆಂದು. ಋತುವಿಗೆ ಮುಂಚಿನ ಸ್ನೇಹಪಂದ್ಯಗಳಿಗಾಗಿ ತಂಡದ ಹಿಂದೆ ಅಭಿಮಾನಿಗಳ ಬಸ್ಸಿನಲ್ಲಿ ಹೋಗಿದ್ದ. ಮಾವ ಫೋನ್ ಮಾಡಿ, “ಬಂದ್ರೆ ಒಳ್ಳೇದಿತ್ತು” ಎಂದಿದ್ದರು. ಡಾಕ್ಟರು ಅಪಾಯವಿಲ್ಲ ಅಂದಿದ್ದಾರಾ ಎಂದು ಕೇಳಿ, ಅಂದಿದ್ದಾರೆ ಎಂದಾಗ, ಇನ್ನೊಂದೇ ಪಂದ್ಯ ಉಳಿದಿದೆ ಮಾವ, ಮುಗಿಸಿ ಬಂದುಬಿಡ್ತೀನಿ ಎಂದಿದ್ದ. ಆ ಪಂದ್ಯ ಮೂರು-ಒಂದರಿಂದ ಗೆದ್ದಿದ್ದರು. ಮಗುವಿನ ಮುಖವನ್ನು ಅವನು ಮೊದಲು ನೋಡಿದ್ದು ಫೋನಿನಲ್ಲಿ, ಬಸ್ಸಿನಲ್ಲಿ ಎಲ್ಲರಿಗೂ ತೋರಿಸುತ್ತ. ಆ ದಿನಗಳನ್ನೂ ಹುಲ್ಲಿನ ಹತ್ತು ದಿನವನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಮಾತ್ರ ಅವನು ಮಾಡಿರಲಿಲ್ಲ.

“ಹೇಳ್ಬೇಕಿತ್ತು ನೀನು” ಎಂದ. ಆ ಮಾತು ಅವನ ಕಿವಿಗೇ ಹೊಲಸಾಗಿ ಕೇಳಿಸಿತು.

ಸೋಮವಾರ ಕೋಚ್ ಸುದ್ದಿಗೋಷ್ಠಿ ಕರೆದ. ಅವನಿಗೂ ಹುಲ್ಲುಕಡ್ಡಿಯಾದರೂ ಬೇಕಿತ್ತು, ಸಿಕ್ಕಿತು. “ಮೈದಾನದ ಸ್ಥಿತಿ ಬಗ್ಗೆ ಅಭಿಮಾನಿಗಳೇ ಮಾತಾಡ್ತಿದ್ದಾರೆ. ನಾನು ಬೇರೆ ಹೇಳಬೇಕಾ?” ಎಂದು ಕೈ ಚೆಲ್ಲಿದ. ವಿಚಾರಿಸುತ್ತೇವೆ ಎಂದು ಕ್ಲಬ್ಬು ಒಂದು ಸಾಲಿನ ಹೇಳಿಕೆ ಕೊಟ್ಟಿತು.

ಮಂಗಳವಾರ ಮಾವನಿಗೆ ರಜೆ. ಎಂದಿನಂತೆ ಮೊಮ್ಮಗಳನ್ನು ನೋಡಲು ಬಂದರು. ಚಪ್ಪಲಿಯ ಅಂಚಿಗೆ ಅಂಟಿದ ಮಣ್ಣನ್ನು ಹೊಸ್ತಿಲ ಹೊರಗೇ ಕೆರೆದು, ಕೈ ತೊಳೆದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. ಆಗಷ್ಟೇ ಎದ್ದಿದ್ದ ಮಗು ಅವರ ಬೆರಳು ಹಿಡಿದು ಬಿಡಲೊಲ್ಲದು.

“ಹಿಡಿತ ಗಟ್ಟಿ ಇದೆ ನೋಡೇ” ಎಂದರು, ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳುವಂತೆ.

ಮೆಕ್ಯಾನಿಕ್ ಎದುರಿನ ಕುರ್ಚಿಯಲ್ಲಿ ಕೂತು ಎದ್ದ, ಮತ್ತೆ ಕೂತ. “ಮಾವ, ಭಾನುವಾರ...”

“ಷೆಡ್ಡಲ್ಲಿ ರೇಡಿಯೋ ಇದೆಯಲ್ಲ. ಮೂರನೇ ಗೇಟು ಬಂತು ಅಂದ್ರೆ ನಮ್ಮ ಹುಡುಗ್ರು ಕತ್ರಿಸೋ ಯಂತ್ರ ನಿಲ್ಲಿಸಿಬಿಡ್ತಾರೆ. ಇದು ನಮ್ಮ ಅಳಿಯ ಅಂತ ನಾನೇ ಎಷ್ಟೋ ಸಲ ಹೇಳಿದ್ದೆ.” ಮಗುವಿನ ಬಾಯಿ ಒರೆಸಿದರು. “ದನಿ ಸ್ಪಷ್ಟವಾಗಿ ಬರುತ್ತೆ ನಿಮ್ದು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಆಫೀಸಲ್ಲಿ ಏನಂದ್ರಪ್ಪಾ?” ಎಂದಳು ಮಗಳು, ಬಾಗಿಲಿಗೆ ಬಂದು.

“ಏನಿಲ್ಲ. ಯಾಕೆ ತಡ ಅಂದ್ರು. ನನ್ನ ತಪ್ಪೇ ಅಂದೆ. ಮುಂದಿನ ಪಂದ್ಯದಿಂದ ಹೊರಗಿನ ಕಂಪನಿಯೋರು ನೋಡ್ಕೊಳ್ತಾರಂತೆ. ನಾನು ಹಿಂದುಗಡೆ ಇರೋ ಪ್ರಾಕ್ಟೀಸ್ ಗ್ರೌಂಡಿಗೆ. ಅಲ್ಲೂ ಹುಲ್ಲೇ ತಾನೇ.”

“ಆಸ್ಪತ್ರೆ ವಿಷಯ ಹೇಳ್ಬಾರ್ದಿತ್ತಾ ಮಾವ?”

“ಹೇಳಿದ್ರೆ, ಅಳಿಯ ಇರ್ಲಿಲ್ವಾ ಅಂತ ಕೇಳ್ತಾರೆ. ಮನೆ ಮಾತು ಹೊರಗೆ ಯಾಕೆ ಹೋಗ್ಬೇಕು?”

ಅದರಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಬೈದರೆ ತಿರುಗಿ ಒಂದು ಮಾತಾಡಬಹುದು, ಕಾಲು ಹಿಡಿಯಬಹುದು. ಅವರು ಮಗುವಿನ ಕಾಲ್ಬೆರಳುಗಳನ್ನು ಬಿಡಿಸುತ್ತ ಕೂತಿದ್ದರು. ಅವನಿಗೆ ಆ ಪುಟ್ಟ ಕಾಲನ್ನೂ ನೋಡಲಾಗಲಿಲ್ಲ.

ಶನಿವಾರ ಹೋಗುವುದೇ ಬೇಡವೆಂದುಕೊಂಡಿದ್ದ. ಹೋದ. ಮೂರನೇ ಗೇಟಿನಲ್ಲಿ ಅವನ ಪಕ್ಕದ ಸೀಟಿನವನು, ಕೂಗಿನ ಜೋರಿಗೆ ಎಲ್ಲರೂ ‘ಗಂಟಲು’ ಎಂದು ಕರೆಯುವ ಹಾರ್ಡ್‌ವೇರ್ ಅಂಗಡಿಯವನು, ಎದ್ದು ನಿಂತು ಸಲಾಂ ಹೊಡೆದ. “ಬಂದ್ರಪ್ಪಾ, ಮಣ್ಣಿನ ವಿಜ್ಞಾನಿ!”

ಮೈದಾನದ ಅಂಚಿನಲ್ಲಿ ಹೊಸ ಕಂಪನಿಯವರು ಒಂದೇ ಬಣ್ಣದ ಜಾಕೆಟ್ ತೊಟ್ಟು ನಿಂತಿದ್ದರು. ಬಂದು ಮೂರು ದಿನವಾಗಿತ್ತಷ್ಟೆ; ಬಿಳಿ ಗೆರೆಗಳನ್ನು ಹೊಸದಾಗಿ ಎಳೆದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ, ಮಾಡುವಂಥದ್ದೂ ಇರಲಿಲ್ಲ. ಆಟ ಶುರುವಾಯಿತು. ಮೆಕ್ಯಾನಿಕ್ ಚೆಂಡನ್ನು ನೋಡಲಿಲ್ಲ, ಬೂಟುಗಳನ್ನು ನೋಡಿದ. ಡಿಫೆಂಡರ್ ಅದೇ ಜಾಗದಲ್ಲಿ ಗಕ್ಕನೆ ತಿರುಗಿದ, ಹುಲ್ಲು ಅಲುಗಲಿಲ್ಲ. ಇನ್ನೊಬ್ಬ ಜಾರುತ್ತ ಹೋಗಿ ಚೆಂಡು ಕಿತ್ತುಕೊಂಡ; ಸಣ್ಣ ಗೀರು, ಅಷ್ಟೆ. ಕಾಯಬೇಕಿದ್ದ ದಿನಗಳು ಮುಗಿದಿದ್ದವು. ಬೇರು ತನ್ನ ಪಾಡಿಗೆ ಇಳಿದಿತ್ತು.

ಎರಡು-ಸೊನ್ನೆ. ಋತುವಿನ ಮೊದಲ ಗೆಲುವು. ಸೀಟಿ ಊದಿದ್ದೇ ತಡ, ‘ಗಂಟಲು’ ಅವನನ್ನು ಸೊಂಟದಿಂದ ಹಿಡಿದೆತ್ತಿದ. “ನೀನು ಬಾಯಿ ಬಿಟ್ಟೆ ನೋಡು, ಆ ಮುದುಕನ್ನ ಕಿತ್ತು ಹಾಕಿದ್ರು, ಹುಲ್ಲು ನಿಂತ್ಕೊಳ್ತು! ಮೂರನೇ ಗೇಟಿಗೆ ಜೈ!” ಹಿಂದಿನ ಸಾಲುಗಳು ಜೈ ಎಂದವು. ಯಾರೋ ಬೆನ್ನಿಗೆ ಗುದ್ದಿದರು. ಅವನು ಕೆಳಗಿಳಿಯಲು ಒದ್ದಾಡಿದ.

ಗೆದ್ದ ದಿನ ರೇಡಿಯೋದವರು ಮೈದಾನದಿಂದಲೇ ವಿಶೇಷ ಪ್ರಸಾರ ಮಾಡುತ್ತಿದ್ದರು. ಈ ವರ್ಷ ಆ ಅವಕಾಶ ಈಗಷ್ಟೇ ಸಿಕ್ಕಿತ್ತು. ಅವನ ಫೋನು ನಡುಗಿತು.

“ಸಾರ್, ನೇರ ಪ್ರಸಾರದಲ್ಲಿದ್ದೀರಿ! ಈ ಗೆಲುವಿನ ಮೊದಲ ಗೋಲು ನಿಮ್ದೇ ಅಂತ ಎಲ್ಲರೂ ಹೇಳ್ತಿದ್ದಾರೆ. ಏನಂತೀರಿ?”

ಆಟಗಾರರು ಒಳಗೆ ಹೋಗಿದ್ದರು. ಜಾಕೆಟ್ಟಿನವರು ಒಟ್ಟಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೂರದ ಮೂಲೆಯ ಸಣ್ಣ ಬಾಗಿಲಿನಿಂದ ಮಾವ ಬಂದರು. ಕೈಯಲ್ಲಿ ಉದ್ದ ಹಿಡಿಯ, ಕಬ್ಬಿಣದ ಹಲ್ಲುಗಳ ಮುಳ್ಳುಗೋಲು. ಯಾರೂ ಅವರನ್ನು ಕರೆದಿರಲಿಲ್ಲ, ಯಾರೂ ತಡೆಯಲೂ ಇಲ್ಲ. ಪ್ರತಿ ಪಂದ್ಯದ ನಂತರ ಮಾಡುವಂತೆ, ಗೀರು ಬಿದ್ದಲ್ಲಿ ನಿಂತು ಎದ್ದ ಹುಲ್ಲನ್ನು ಒತ್ತುತ್ತ ಗೋಲಿನ ಕಡೆಗೆ ನಡೆದರು.

“ಹುಲ್ಲು ಹಳಬರದ್ದೇ ಮೇಡಂ” ಎಂದ ಮೆಕ್ಯಾನಿಕ್. “ಬಿತ್ತೋದು ತಡ ಆಗಿದ್ದು ನನ್ನಿಂದ.”

“ಹಲೋ? ಸಾರ್? ಗದ್ದಲ ಜಾಸ್ತಿ ಇದೆ, ಏನೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ.”

‘ಗಂಟಲಿ’ನ ತೆರೆದ ಬಾಯಿ ಹಾಗೇ ನಿಂತಿತ್ತು. ಅವನಿಗೆ ಕೇಳಿಸಿತ್ತು. ಹಿಂದಿನ ಸಾಲುಗಳು ಇನ್ನೂ ಜೈ ಎನ್ನುತ್ತಲೇ ಇದ್ದವು. ಮೆಕ್ಯಾನಿಕ್ ಫೋನನ್ನು ಬಾಯಿಗೆ ಹತ್ತಿರ ತಂದು ಉಸಿರೆಳೆದುಕೊಂಡ.

ಕೆಳಗೆ, ಡಿಫೆಂಡರ್ ಬಿದ್ದಿದ್ದ ಆ ಜಾಗದಲ್ಲಿ, ಮಾವ ಮುಳ್ಳುಗೋಲನ್ನು ನೆಲಕ್ಕೆ ಊರಿ ಮೊಣಕಾಲೂರಿದರು. ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆದರು. ಬರಲಿಲ್ಲ. ಮತ್ತೊಮ್ಮೆ, ಇನ್ನಷ್ಟು ಬಲವಾಗಿ ಎಳೆದು ನೋಡಿದರು. ಆಮೇಲೆ ಅದೇ ಕೈಯಿಂದ ಹುಲ್ಲನ್ನು ಸವರಿ ನೇರ ಮಾಡಿ, ಎದ್ದು ಮುಂದಿನ ಗೀರಿನ ಕಡೆ ಹೋದರು.