ಏಳನೇ ಟ್ಯಾಂಕಿನ ಸಾಲು

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಅನ್ನುತ್ತಿದ್ದರು. ನಲವತ್ತು ಟ್ಯಾಂಕುಗಳ ನೀರಿನ ಪರೀಕ್ಷೆಯ ಫಲಿತಾಂಶವನ್ನು ವಾರಕ್ಕೊಮ್ಮೆ ವರದಿಯ ಸಾಫ್ಟ್‌ವೇರಿಗೆ ತುಂಬಿ, ಮಧ್ಯಾಹ್ನ ಮೂರರೊಳಗೆ ಮೇಲಿನ ಕಚೇರಿಗೆ ಕಳಿಸುವುದು ಅವಳ ಕೆಲಸ. ಯಾವ ಟ್ಯಾಂಕಿನ ಮುಂದೆ ರೋಗಾಣು 'ಇದೆ' ಎಂದಿರುತ್ತದೋ ಅದರ ನಲ್ಲಿಗಳೆಲ್ಲ ಸಂಜೆಯೊಳಗೆ ಬಂದ್. ಒಂದು ಸಾಲು ತಪ್ಪಿದರೆ ಬೀದಿಗೆ ಬೀದಿಯೇ ಕೆಟ್ಟ ನೀರು ಕುಡಿಯಬೇಕು.

ಕೆಲಸದಲ್ಲಿ ಚುರುಕು, ಇಲ್ಲವೆನ್ನುವಂತಿಲ್ಲ. ಆದರೆ ಮಹಾ ಅನುಮಾನದ ಪ್ರಾಣಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಾಲು ಹಾಕುವವನ ಮುಖಕ್ಕೇ ಹೇಳಿದವಳು. ಹೋದ ತಿಂಗಳು ತಂಗಿಯ ಮಗಳು ಹೊಟ್ಟೆ ಕೆಟ್ಟು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದಾಗಲೂ ಹಾಗೇ ಆಯಿತು. ಹೊರಗೆ ಏನೂ ತಿಂದಿಲ್ಲ ದೊಡ್ಡಮ್ಮ ಎಂದು ಆ ಏಳು ವರ್ಷದ ಹುಡುಗಿ ಎಷ್ಟು ಅತ್ತರೂ ಇವಳು ನಂಬಲಿಲ್ಲ. ನಿಮ್ಮ ಬೀದಿಯ ನೀರು ಚೊಕ್ಕವಾಗಿದೆ, ವರದಿ ಮಾಡಿದವಳೇ ನಾನು, ಇವಳು ಕದ್ದು ತಿಂದು ಸುಳ್ಳು ಹೇಳುತ್ತಿದ್ದಾಳೆ ಎಂದು ತೀರ್ಪು ಕೊಟ್ಟೇ ಬಿಟ್ಟಳು. ಅಂದಿನಿಂದ ಮಗಳು ಶಾಲೆಯಿಂದ ಬಂದ ಕೂಡಲೇ ತಂಗಿ ಅವಳ ಚೀಲ ಜಾಲಾಡಿ, ಬಾಯಿ ತೆರೆಸಿ ಮೂಸುತ್ತಿದ್ದಳು.

ಈ ದಿನ ಹನ್ನೆರಡರ ಹೊತ್ತಿಗೆ, ಕೊನೆಯ ಎರಡು ಸಾಲು ಬಾಕಿಯಿರುವಾಗ, ಸಾಫ್ಟ್‌ವೇರು ಇದ್ದಕ್ಕಿದ್ದಂತೆ ನಿಂತುಹೋಯಿತು. ಅವಳು ಅದರ ವಂಶಕ್ಕೆಲ್ಲ ಶಾಪ ಹಾಕಿ ಮತ್ತೆ ತೆರೆದಳು. ತಾನಾಗಿಯೇ ಉಳಿಸಿಕೊಂಡ ಒಂದು ಪ್ರತಿ ಇದೆ, ಬೇಕೇ ಎಂದು ಅದು ಕೇಳಿತು. ಬೇಕು ಎಂದು ಒತ್ತಿದ್ದೇ ತಡ, ಪಟ್ಟಿ ಇಡಿಯಾಗಿ ಬಂತು. ಸದ್ಯ, ಬದುಕಿದೆ ಎಂದುಕೊಂಡಳು. ತಂಗಿಯ ಮಗು ಆಸ್ಪತ್ರೆಯಲ್ಲಿ ಮಲಗಿದಾಗಿನಿಂದ ಅವಳು ಮೊದಲು ನೋಡುವುದು ಏಳನೇ ಸಾಲನ್ನೇ. ತಂಗಿಯ ಬೀದಿಗೆ ನೀರು ಬರುವುದು ಆ ಟ್ಯಾಂಕಿನಿಂದ. ಅಲ್ಲಿ 'ಇಲ್ಲ' ಎಂದಿತ್ತು.

ಬೆಳಿಗ್ಗೆ ತಾನೇ ಕೈಯಾರೆ 'ಇದೆ' ಎಂದು ಒತ್ತಿದ್ದು, ಒತ್ತುವಾಗ ಎದೆ ಧಸಕ್ಕೆಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಪರೀಕ್ಷೆಯ ಫಲಿತಾಂಶ ಬರೆದ ಚೀಟಿ ನೋಡೋಣವೆಂದರೆ ತುಂಬಿ ಮುಗಿದ ಚೀಟಿಗಳನ್ನು ಟೀ ಹೊತ್ತಿನಲ್ಲಿ ಬಾಟಲಿಯಣ್ಣ ಒಯ್ದಿದ್ದ. ಅವನು ನೀರು ಪರೀಕ್ಷೆ ಮಾಡುವವನು. ಸದಾ ಕೈಯಲ್ಲಿ ಬಾಟಲಿ ಹಿಡಿದು ಓಡಾಡುವುದರಿಂದ ಆ ಹೆಸರು. ನೀರಿನದು ಬಿಟ್ಟು ಬೇರೆ ಬಾಟಲಿ ಮುಟ್ಟಿದವನಲ್ಲ ಪಾಪ. ಆದರೆ ಇವಳ ಕಂಪ್ಯೂಟರಿನ ಪಾಸ್‌ವರ್ಡು ಅವನಿಗೆ ಗೊತ್ತು. ಕೀಬೋರ್ಡಿನ ಅಡಿಗೆ ಅಂಟಿಸಿಟ್ಟಿದ್ದರಿಂದ ಕಚೇರಿಗೆಲ್ಲ ಗೊತ್ತು ಅನ್ನುವುದು ಬೇರೆ ಮಾತು. ಮೇಲಾಗಿ ಏಳನೇ ಟ್ಯಾಂಕು ತೊಳೆಯುವ ಗುತ್ತಿಗೆ ಅವನ ಅಳಿಯನದು. 'ಇದೆ' ಎಂದು ಹೋದರೆ ಆ ಗುತ್ತಿಗೆಗೆ ಕುತ್ತು. ಇಷ್ಟು ವರ್ಷ ತಂಗಿ, ತಂಗಿ ಎಂದು ಕರೆದವನು ನನ್ನ ತಂಗಿಯ ಮನೆಗೇ ವಿಷ ಹಾಕಲು ಹೊರಟನಲ್ಲ ಎಂದು ಅವಳ ಮೈಯೆಲ್ಲ ಉರಿದುಹೋಯಿತು.

ನೆಟ್ಟಗೆ ಮೇಲಧಿಕಾರಿಯ ಕೋಣೆಗೆ ನುಗ್ಗಿದಳು. ನೀರಿನ ವರದಿಯ ಮಾತೆಂದಾಗ ಅವರು ಬಾಟಲಿಯಣ್ಣನನ್ನೂ ಕರೆಸಿದರು. ಯಾರೋ ವರದಿ ತಿದ್ದಿದ್ದಾರೆ ಎಂದಳು. ಯಾರೆಂದು ಬಾಯಿಬಿಡಲಿಲ್ಲ, ಕಣ್ಣು ಮಾತ್ರ ಅವನ ಮೇಲೇ ನೆಟ್ಟಿತ್ತು. ಅವನು ಹೆಗಲ ಮೇಲಿನ ಬೆವರು ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಮಾತು ಸುಳ್ಳಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

“ಕೈ ಹಾಕಿದೋರು ಯಾರೇ ಆಗ್ಲಿ ಸರ್, ಹೆಸರು ಬರೆದು ಮೇಲಕ್ಕೆ ಕಳಿಸ್ಬೇಕು. ಇದು ಜನರ ಹೊಟ್ಟೆ ವಿಷಯ.”

ಆಗಲಿ, ಪತ್ತೆ ಮಾಡಿ ನೀವೇ ಬರೆದು ತನ್ನಿ ಎಂದರು ಅವರು. ಬಾಟಲಿಯಣ್ಣ ಹೋಗಿ ತನ್ನ ರಿಜಿಸ್ಟರು ತಂದು ಅವಳ ಮೇಜಿನ ಮೇಲಿಟ್ಟ. ಚೀಟಿಗಳನ್ನೆಲ್ಲ ಅಂಟಿಸಿದ್ದ, ಅಂಟು ಇನ್ನೂ ಹಸಿ. ಏಳನೇ ಟ್ಯಾಂಕು: ಇದೆ. ಕೆಳಗೆ ಕೆಂಪು ಗೆರೆ ಬೇರೆ ಎಳೆದಿದ್ದ. ಮುಚ್ಚಿಡುವವನು ಗೆರೆ ಎಳೆದು ತೋರಿಸುತ್ತಾನೆಯೇ?

ಅವಳು ರಿಜಿಸ್ಟರನ್ನೂ ಪರದೆಯನ್ನೂ ತಾಳೆ ನೋಡತೊಡಗಿದಳು. ಹನ್ನೆರಡನೆಯದಕ್ಕೆ ಬೀಗ ಹಾಕಿತ್ತು, ಪರೀಕ್ಷೆ ಆಗಿಲ್ಲ ಎಂದು ಚೀಟಿ, ಪರದೆಯಲ್ಲಿ 'ಇಲ್ಲ'. ಮುಂದಿನದರಲ್ಲಿ ಕ್ಲೋರಿನ್ನಿನ ಅಂಕಿ ಬೇರೆ. ಅದರ ಮುಂದಿನದೂ ಬೇರೆ. ಒಂದು ಸಾಲು ಕದಿಯಲು ಬಂದ ಕಳ್ಳ ಇಡೀ ಮನೆಗೆ ಸುಣ್ಣ ಬಳಿದು ಹೋಗುತ್ತಾನೆಯೇ? ಹೋದ ವಾರದ ವರದಿ ತೆಗೆದು ಪಕ್ಕಕ್ಕಿಟ್ಟಳು. ಸಾಲಿಗೆ ಸಾಲು ಅದೇ.

ಆಗ ಹೊಳೆಯಿತು. ನಲವತ್ತು ಟ್ಯಾಂಕಿನ ಹೆಸರು ಮತ್ತೆ ಯಾರು ಬಡಿಯುತ್ತಾರೆಂದು, ಹೋದ ವಾರದ ವರದಿಯನ್ನೇ ನಕಲು ಮಾಡಿ, ತಾರೀಖು ಬದಲಿಸಿ, ಹಳೆಯ ಅಂಕಿಗಳ ಮೇಲೇ ಹೊಸದನ್ನು ಒತ್ತುತ್ತ ಹೋಗುವುದು ಅವಳ ಬಹುಕಾಲದ ರೂಢಿ. ಸಾಫ್ಟ್‌ವೇರು ಉಳಿಸಿಕೊಂಡಿದ್ದು ತಾರೀಖು ಬದಲಿಸಿದ ಗಳಿಗೆಯ ಪ್ರತಿಯನ್ನು. ಯಾರೂ ಕೈ ಹಾಕಿರಲಿಲ್ಲ. ನಾಚಿಕೆಯಿಂದ ತಲೆಯೆತ್ತದೆ ನಲವತ್ತೂ ಸಾಲನ್ನು ರಿಜಿಸ್ಟರು ನೋಡಿಕೊಂಡು ಮತ್ತೆ ತುಂಬಿ, ಎರಡೂವರೆಗೆ ಕಳಿಸಿದಳು. ತಂಗಿಯ ಬೀದಿ ಉಳಿಯಿತು ಎಂದು ಉಸಿರು ಬಿಟ್ಟಳು.

ಬಾಟಲಿಯಣ್ಣ ಇನ್ನೂ ಅಲ್ಲೇ ನಿಂತಿದ್ದ.

“ಹೋದ ತಿಂಗಳೂ ಒಂದ್ಸಲ ಇದು ನಿಂತಿತ್ತಲ್ಲ, ತಂಗಿ?”

ನಿಂತಿತ್ತು. ಮೂರಕ್ಕೆ ಹತ್ತು ನಿಮಿಷವಿತ್ತು, ಪಟ್ಟಿ ತುಂಬಿಕೊಂಡು ಬಂದಿತ್ತು, ದೇವರು ದೊಡ್ಡವನು ಎಂದು ಹಾಗೇ ಕಳಿಸಿದ್ದಳು. ಈಗ ರಿಜಿಸ್ಟರಿನಲ್ಲಿ ಹೋದ ತಿಂಗಳ ಆ ಹಾಳೆಗೆ ತಿರುವಿದಳು. ಏಳನೇ ಟ್ಯಾಂಕು: ಇದೆ. ಅಲ್ಲೂ ಕೆಂಪು ಗೆರೆ. ಅವಳು ಕಳಿಸಿದ ವರದಿಯಲ್ಲಿ: ಇಲ್ಲ. ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದು ಅದಾದ ಮೂರನೇ ದಿನ.

“ನಲ್ಲಿ ಯಾಕೆ ಬಂದ್ ಆಗ್ಲಿಲ್ವೋ ಗೊತ್ತಾಗ್ಲಿಲ್ಲ,” ಎಂದ ಅವನು. “ಮೇಲಿನೋರ ಉದಾಸೀನ ಅಂದ್ಕೊಂಡೆ. ನಾಲ್ಕು ದಿನ ಅಳಿಯನ ಜೊತೆ ಜಗಳ ಆಡಿ, ನಾನೇ ನಿಂತು ಟ್ಯಾಂಕು ತೊಳೆಸಿದೆ.”

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ಎಲೆಯ ನೊಣ ಹುಡುಕುತ್ತಿದ್ದಳಲ್ಲ! ಅಷ್ಟರಲ್ಲಿ ಹೆಸರು ಸಿಕ್ಕಿತೇ ಎಂದು ಮೇಲಧಿಕಾರಿ ಒಳಗಿನಿಂದ ಕೇಳಿದರು. ಅವಳು ಬಿಳಿ ಹಾಳೆ ತೆಗೆದು ಹೋದ ತಿಂಗಳ ಆ ತಾರೀಖು ಬರೆದಳು, ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಿ ಒಳಗೆ ಕೊಟ್ಟು ಬಂದಳು. ಕೆಲಸ ಉಳಿಯುತ್ತದೋ ಬಿಡುತ್ತದೋ, ಯೋಚಿಸಲು ಪುರಸೊತ್ತಿರಲಿಲ್ಲ. ಶಾಲೆ ಬಿಡುವ ಹೊತ್ತಾಗುತ್ತಿತ್ತು. ತಂಗಿಗೆ ಫೋನು ಮಾಡಿದಳು.

“ನಲ್ಲಿ ನೀರು ಮುಟ್ಟಬೇಡ,” ಎಂದಳು. “ಆಮೇಲೆ, ಮಗು ಬಂದಾಗ ಅವಳ ಬಾಯಿ ಮೂಸಬೇಡ ಕಣೇ. ಅವಳು ಸುಳ್ಳು ಹೇಳಿರ್ಲಿಲ್ಲ.”

ನಿನಗೆ ಹೇಗೆ ಗೊತ್ತಾಯಿತು ಎಂದು ತಂಗಿ ಕೇಳಿದಳು. ಪಟ್ಟಿಯಕ್ಕ ಏನನ್ನೂ ಮುಚ್ಚಿಡದೆ ಹೇಳಿದಳು.